ಪಿಎಚ್‌ಪಿ ಕ್ಲಾಸ್‌ನಲ್ಲಿ ವೇರಿಯಬಲ್ ಡಿಕ್ಲೇರ್ ಮಾಡುವ ಕ್ರಮ: ಸಮಗ್ರ ಮಾರ್ಗದರ್ಶಿ

"ಎರರ್ ಏನೂ ಬರ್ತಿಲ್ಲ ಸಾರ್, ಆದರೆ ಮೊತ್ತ ಮಾತ್ರ ಸೊನ್ನೆ ತೋರಿಸ್ತಿದೆ."

ಪಿಎಚ್‌ಪಿ ಕಲಿಯುತ್ತಿರುವವರಿಂದ ಬರುವ ದೂರುಗಳು ಹೆಚ್ಚಾಗಿ ಇದೇ ಧಾಟಿಯವು. ಅವರ ಕೋಡ್ ತರಿಸಿ ನೋಡಿದರೆ ಲೆಕ್ಕದ ಸೂತ್ರ ಸರಿಯಾಗಿಯೇ ಇರುತ್ತದೆ. ಎಡವಟ್ಟು ಆಗಿರುವುದು ಅದಕ್ಕಿಂತ ಮೇಲೆ, ಕ್ಲಾಸ್‌ನ ಮೊದಲ ಐದಾರು ಸಾಲುಗಳಲ್ಲಿ. ಸಡಿಲ ಟೈಪಿನ ಭಾಷೆಯಲ್ಲಿ ವೇರಿಯಬಲ್‌ಗೆ ಏನು ತುಂಬಿದರೂ ನಡೆಯುತ್ತದೆ ಎಂದು ಯಾರೋ ಹೇಳಿರುತ್ತಾರೆ. ಇವರು ಅದನ್ನು ನಂಬಿ ಡಿಕ್ಲೇರ್ ಮಾಡುವ ಕೆಲಸವನ್ನು ಅರ್ಧಕ್ಕೆ ಬಿಟ್ಟಿರುತ್ತಾರೆ.

ಉದಾಹರಣೆಗೆ ಹಳ್ಳಿಯ ಹಾಲಿನ ಡೈರಿಯ ಲೆಕ್ಕ ತೆಗೆದುಕೊಳ್ಳೋಣ. ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ದರ, ಇಷ್ಟೇ. ಕೋಡ್ ಸಾಲುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಎಡಿಟರಿನಲ್ಲಿ ಟೈಪ್ ಮಾಡುವಾಗ ಕ್ಲಾಸ್, ಪ್ರೈವೇಟ್, ಫ್ಲೋಟ್ ಮುಂತಾದ ಭಾಷೆಯ ಪದಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಹಾಕಬೇಕು. ಡಾಲರ್ ಚಿಹ್ನೆ, ಬಾಣ, ಅರ್ಧವಿರಾಮ ಇದ್ದ ಹಾಗೇ ಇರಲಿ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಪಿಎಚ್‌ಪಿ 8.2 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಟರ್ಮಿನಲ್‌ನಲ್ಲಿ ಪಿಎಚ್‌ಪಿ ಎಂದು ಬರೆದು, ಜಾಗ ಬಿಟ್ಟು, ಮೈನಸ್ ವಿ ಹಾಕಿದರೆ ಆವೃತ್ತಿ ಗೊತ್ತಾಗುತ್ತದೆ. ಪ್ರಾಪರ್ಟಿಗೆ, ಅಂದರೆ ಕ್ಲಾಸಿನಲ್ಲಿ ಡಿಕ್ಲೇರ್ ಮಾಡಿದ ವೇರಿಯಬಲ್ಲಿಗೆ, ಟೈಪ್ ಹಾಕುವ ಸೌಲಭ್ಯ ಬಂದದ್ದೇ 2019ರ 7.4ರಲ್ಲಿ. ನಿಮ್ಮ ಹೋಸ್ಟಿಂಗ್‌ನಲ್ಲಿ ಅದಕ್ಕಿಂತ ಹಳೆಯದಿದ್ದರೆ ಈ ಲೇಖನದ ಅರ್ಧ ಭಾಗ ಅಲ್ಲಿ ಓಡುವುದಿಲ್ಲ, ಮೊದಲು ಆವೃತ್ತಿ ಏರಿಸಿಕೊಳ್ಳಿ. ಮನೆಯ ಕಂಪ್ಯೂಟರಿನಲ್ಲಿ ಒಂದು ಆವೃತ್ತಿ, ಸರ್ವರಿನಲ್ಲಿ ಇನ್ನೊಂದು ಇರುವುದು ಮಾಮೂಲು. ಹಾಗಾಗಿ ಎರಡನ್ನೂ ನೋಡಿಕೊಳ್ಳಿ.

ಇದರ ಜೊತೆಗೆ ಒಂದು ಸಾದಾ ಎಡಿಟರ್ ಮತ್ತು ಪಿಎಚ್‌ಪಿಸ್ಟ್ಯಾನ್ ಎಂಬ ಉಚಿತ ತಪಾಸಣಾ ಸಾಧನ ಇದ್ದರೆ ಸಾಕು.

## ಹಂತ 1: ಎರರ್‌ಗಳ ಬಾಯಿ ಬಿಡಿಸಿ

ಇದನ್ನು ಬಿಟ್ಟು ಮುಂದಕ್ಕೆ ಹೋದವರು ಇದೇ ಹಂತಕ್ಕೆ ವಾಪಸ್ ಬರುತ್ತಾರೆ, ಅದೂ ಎರಡು ದಿನ ಕಳೆದ ಮೇಲೆ.

ಪಿಎಚ್‌ಪಿ ಜೊತೆ ಎರಡು ಮಾದರಿ ಐಎನ್‌ಐ ಫೈಲ್‌ಗಳು (ಸೆಟ್ಟಿಂಗ್ ಬರೆದಿಡುವ ಫೈಲ್‌ಗಳು) ಬರುತ್ತವೆ, ಒಂದು ಡೆವಲಪ್‌ಮೆಂಟ್‌ಗೆ, ಇನ್ನೊಂದು ಪ್ರೊಡಕ್ಷನ್‌ಗೆ. ಪ್ರೊಡಕ್ಷನ್ ಮಾದರಿಯಲ್ಲಿ ಎರರ್‌ಗಳು ಪರದೆಯ ಮೇಲೆ ಬರುವುದೇ ಇಲ್ಲ. 'ಡಿಪ್ರಿಕೇಟೆಡ್' (ಇನ್ನು ಮುಂದೆ ಬಳಸಬೇಡಿ ಎಂಬ) ದರ್ಜೆಯ ಎಚ್ಚರಿಕೆಗಳನ್ನಂತೂ ದಾಖಲೆಗೂ ಸೇರಿಸದೆ ಬಿಡುತ್ತದೆ. ನಮಗೆ ಬೇಕಿರುವ ಮುಖ್ಯ ಎಚ್ಚರಿಕೆ ಇರುವುದು ಅದೇ ದರ್ಜೆಯಲ್ಲಿ. ಆದ್ದರಿಂದ ಕಲಿಯುವ ಯಂತ್ರದಲ್ಲಿ ಡೆವಲಪ್‌ಮೆಂಟ್ ಮಾದರಿಯನ್ನೇ ಇಟ್ಟುಕೊಳ್ಳಿ, ಎರರ್ ರಿಪೋರ್ಟಿಂಗ್ ಅನ್ನು ಇ-ಆಲ್‌ಗೆ, ಡಿಸ್‌ಪ್ಲೇ ಎರರ್ಸ್ ಅನ್ನು ಆನ್‌ಗೆ ಹೊಂದಿಸಿ.

ಫೈಲಿನ ಮೊದಲ ಸಾಲಿನಲ್ಲೇ ಇನಿ-ಸೆಟ್ ಬರೆದು ಎರರ್ ಆನ್ ಮಾಡಿದೆ ಎನ್ನುವವರಿದ್ದಾರೆ. ಅದೇ ಫೈಲಿನಲ್ಲಿ ಸಿಂಟ್ಯಾಕ್ಸ್ ತಪ್ಪಿದ್ದರೆ ಆ ಸಾಲು ಓಡುವ ಮೊದಲೇ ಫೈಲ್ ಸತ್ತಿರುತ್ತದೆ, ಪರದೆ ಬಿಳಿಯಾಗಿ ನಿಲ್ಲುತ್ತದೆ. ಐಎನ್‌ಐ ಫೈಲಿನಲ್ಲಿ ಬದಲಾಯಿಸುವುದೇ ಸರಿ. ಬದಲಾಯಿಸಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡುವುದನ್ನು ಮರೆಯಬೇಡಿ.

## ಹಂತ 2: ಈ ಮಾಹಿತಿ ಯಾರದ್ದು ಎಂದು ಮೊದಲು ತೀರ್ಮಾನಿಸಿ

ಕೀಬೋರ್ಡ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಪ್ರತಿ ಮಾಹಿತಿಯ ಮುಂದೆ ಅದರ ಒಡೆಯ ಯಾರೆಂದು ಬರೆಯಿರಿ.

ಬೆಳಗಿನ ಕ್ಯೂನಲ್ಲಿ ನಿಂತ ಒಬ್ಬೊಬ್ಬರ ಹಾಲೂ ಬೇರೆ, ಫ್ಯಾಟೂ ಬೇರೆ. ಇವು ಆಬ್ಜೆಕ್ಟಿನ (ಕ್ಲಾಸಿನ ಅಚ್ಚಿನಿಂದ ತೆಗೆದ ಒಂದೊಂದು ಪ್ರತಿಯ) ಸ್ವತ್ತು, ಅಂದರೆ ಸಾಮಾನ್ಯ ಪ್ರಾಪರ್ಟಿಗಳು. ಈಗಾಗಲೇ ಎಷ್ಟು ಜನರ ಹಾಲು ಜಮಾ ಆಯಿತು ಎಂಬ ಎಣಿಕೆ ಯಾರೊಬ್ಬರದ್ದೂ ಅಲ್ಲ, ಇಡೀ ಕ್ಲಾಸಿನದ್ದು. ಇದು ಸ್ಟಾಟಿಕ್. ಒಂದು ರೂಪಾಯಿಗೆ 100 ಪೈಸೆ ಎಂಬುದು ಎಂದೂ ಬದಲಾಗದು, ಹಾಗಾಗಿ ಕಾನ್ಸ್ಟ್. ಮೊತ್ತ ಲೆಕ್ಕ ಹಾಕುವಾಗ ನಡುವೆ ಬರುವ ಗುಣಲಬ್ಧ ಆ ಮೆಥಡ್ ಮುಗಿದರೆ ಯಾರಿಗೂ ಬೇಡ. ಅದನ್ನು ಕ್ಲಾಸಿಗೆ ತರಲೇಬೇಡಿ, ಮೆಥಡ್ ಒಳಗಿನ ಲೋಕಲ್ ವೇರಿಯಬಲ್ ಆಗಿ ಬಿಡಿ.

ಈ ಕೊನೆಯದರಲ್ಲಿ ತುಂಬ ಜನ ಜಾರುತ್ತಾರೆ. ಎಲ್ಲವನ್ನೂ ಪ್ರಾಪರ್ಟಿ ಮಾಡಿದರೆ ಹಿಂದಿನ ಲೆಕ್ಕದ ಅವಶೇಷ ಮುಂದಿನ ಲೆಕ್ಕಕ್ಕೆ ಅಂಟಿಕೊಳ್ಳುತ್ತದೆ, ನಿನ್ನೆಯ ಸಾರಿನ ಪಾತ್ರೆ ತೊಳೆಯದೆ ಇವತ್ತು ಹಾಲು ಕಾಯಿಸಿದ ಹಾಗೆ.

## ಹಂತ 3: ಸಾಲನ್ನು ಬರೆಯಿರಿ, ಪದಗಳ ಅನುಕ್ರಮ ತಪ್ಪದಿರಲಿ

ಡಿಕ್ಲೇರ್ ಮಾಡುವ ಸಾಲಿನಲ್ಲಿ ಮೊದಲು ಯಾರು ಮುಟ್ಟಬಹುದು ಎಂಬ ಪದ (ಪ್ರೈವೇಟ್ ಎಂದರೆ ಆ ಕ್ಲಾಸ್ ಮಾತ್ರ, ಪಬ್ಲಿಕ್ ಎಂದರೆ ಯಾರಾದರೂ), ನಂತರ ಬೇಕಿದ್ದರೆ ಸ್ಟಾಟಿಕ್, ನಂತರ ಟೈಪ್ (ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು, ಇಂಟ್ ಪೂರ್ಣಾಂಕ, ಫ್ಲೋಟ್ ದಶಮಾಂಶ), ಆಮೇಲೆ ಡಾಲರ್ ಸಮೇತ ಹೆಸರು, ಕೊನೆಗೆ ಆರಂಭದ ಮೌಲ್ಯ.

ಕ್ಲಾಸ್ ಹಾಲುಜಮಾ {
  ಪ್ರೈವೇಟ್ ಸ್ಟ್ರಿಂಗ್ $ಸದಸ್ಯ;
  ಪ್ರೈವೇಟ್ ಫ್ಲೋಟ್ $ಲೀಟರ್ = 0.0;
  ಪ್ರೈವೇಟ್ ಫ್ಲೋಟ್ $ಫ್ಯಾಟ್ = 0.0;
  ಪ್ರೈವೇಟ್ ಇಂಟ್ $ದರಪೈಸೆ = 0;
  ಪ್ರೈವೇಟ್ ಸ್ಟಾಟಿಕ್ ಇಂಟ್ $ಎಣಿಕೆ = 0;
}

ಟೈಪ್ ಯಾವಾಗಲೂ ಹೆಸರಿನ ಪಕ್ಕದಲ್ಲೇ ಇರಬೇಕು. ಇಂಟ್ ಅನ್ನು ಪ್ರೈವೇಟ್‌ಗಿಂತ ಮುಂದೆ ಬರೆದರೆ ಪಾರ್ಸ್ ಎರರ್ ಬರುತ್ತದೆ. ಹೆಸರಿಗಿಂತ ಮೊದಲು ಬರುವ ಪದಗಳನ್ನೆಲ್ಲ ಬಿಟ್ಟು ಬರೀ $ಲೀಟರ್ = 0; ಎಂದು ಬರೆದರೂ ಅಷ್ಟೇ. ಆಗ ಬರುವ ಸಂದೇಶ 'ಎಕ್ಸ್‌ಪೆಕ್ಟಿಂಗ್ ಫಂಕ್ಷನ್ ಆರ್ ಕಾನ್ಸ್ಟ್' ಎಂದು ಕೊನೆಯಾಗುತ್ತದೆ. ಅದನ್ನು ಓದಿ ಎಲ್ಲೋ ಫಂಕ್ಷನ್ ಬಿಟ್ಟುಹೋಗಿದೆ ಎಂದು ಹುಡುಕುತ್ತ ಕೂರಬೇಡಿ. ಬಿಟ್ಟುಹೋಗಿರುವುದು ಪ್ರೈವೇಟ್ ಅಥವಾ ಪಬ್ಲಿಕ್ ಎಂಬ ಪದ.

ಪಬ್ಲಿಕ್ ಹಾಕಲೋ ಪ್ರೈವೇಟ್ ಹಾಕಲೋ ಎಂಬ ಅನುಮಾನ ಬಂದರೆ ಪ್ರೈವೇಟ್ ಹಾಕಿ. ಮುಂದೆ ಅಗತ್ಯ ಬಿದ್ದರೆ ಸಡಿಲಿಸುವುದು ಸುಲಭ. ಪಬ್ಲಿಕ್ ಬಿಟ್ಟು ಹತ್ತು ಫೈಲುಗಳಲ್ಲಿ ಬಳಕೆಯಾದ ಮೇಲೆ ಬಿಗಿ ಮಾಡಲು ಹೋದರೆ ಹತ್ತೂ ಫೈಲು ಒಡೆಯುತ್ತವೆ. ಹಳೆಯ ಕೋಡ್‌ನಲ್ಲಿ ವರ್ ಎಂಬ ಪದ ಕಂಡರೆ ಅದು ಪಬ್ಲಿಕ್ ಎಂದೇ ಅರ್ಥ. ಇವತ್ತಿಗೂ ಓಡುತ್ತದೆ, ಹೊಸದಾಗಿ ಬರೆಯಲು ಬೇಡ.

## ಹಂತ 4: ಟೈಪ್ ಹಾಕಿ, ಆದರೆ ಅದು ಏನು ಮಾಡುತ್ತದೆಂದು ತಿಳಿದು ಹಾಕಿ

ಟೈಪ್ ಹಾಕದ ಪ್ರಾಪರ್ಟಿ ಬೆಳಿಗ್ಗೆ ಸಂಖ್ಯೆ, ಮಧ್ಯಾಹ್ನ ಸ್ಟ್ರಿಂಗ್, ಸಂಜೆ ಅರೇ ಆಗಬಹುದು. ಟೈಪ್ ಹಾಕಿದ ಕೂಡಲೇ ಭಾಷೆ ಪೂರ್ತಿ ಬಿಗಿಯಾಗುತ್ತದೆ ಎಂದೇನಿಲ್ಲ. ಪಿಎಚ್‌ಪಿ ಮೊದಲು ಪರಿವರ್ತಿಸಲು ನೋಡುತ್ತದೆ, ಆಗದಿದ್ದರೆ ಮಾತ್ರ ತಕರಾರು ಎತ್ತುತ್ತದೆ.

ವೆಬ್ ಫಾರ್ಮ್‌ನಿಂದ ಬರುವುದೆಲ್ಲ ಸ್ಟ್ರಿಂಗ್. "6.5" ಎಂಬ ಸ್ಟ್ರಿಂಗನ್ನು ಫ್ಲೋಟ್ ಪ್ರಾಪರ್ಟಿಗೆ ಕೊಟ್ಟರೆ ಸದ್ದಿಲ್ಲದೆ 6.5 ಆಗುತ್ತದೆ. ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ "6,5" ಎಂದರೆ ಟೈಪ್ ಎರರ್. ಖಾಲಿ ಬಿಟ್ಟ ಖಾನೆಯೂ ಟೈಪ್ ಎರರ್. ಇವೆರಡೂ ಒಳ್ಳೆಯದೇ, ತಪ್ಪು ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಅಪಾಯ ಇರುವುದು ಬೂಲ್‌ನಲ್ಲಿ, ಅಂದರೆ ಟ್ರೂ ಅಥವಾ ಫಾಲ್ಸ್ ಮಾತ್ರ ಹಿಡಿಯುವ ಟೈಪಿನಲ್ಲಿ. ಬೂಲ್ ಪ್ರಾಪರ್ಟಿಗೆ "ಫಾಲ್ಸ್" ಎಂಬ ಪದವನ್ನು ಸ್ಟ್ರಿಂಗ್ ರೂಪದಲ್ಲಿ ಕೊಟ್ಟರೆ ಅದು ಟ್ರೂ ಆಗುತ್ತದೆ! ಖಾಲಿಯಲ್ಲದ, "0" ಅಲ್ಲದ ಯಾವ ಸ್ಟ್ರಿಂಗಾದರೂ ಅದಕ್ಕೆ ಟ್ರೂ.

ಕನ್ನಡದವರಿಗೇ ಮೀಸಲಾದ ಒಂದು ಗುಂಡಿ ಇಲ್ಲಿದೆ. ಡೈರಿಯ ಕಾರ್ಯದರ್ಶಿ ಕನ್ನಡ ಕೀಬೋರ್ಡ್‌ನಲ್ಲಿ ೧೦ ಎಂದು ಒತ್ತಿದರೆ ಪಿಎಚ್‌ಪಿಗೆ ಅದು ಸಂಖ್ಯೆಯೇ ಅಲ್ಲ. ಇಂಟ್ ಪ್ರಾಪರ್ಟಿಗೆ ಕೊಟ್ಟರೆ ಟೈಪ್ ಎರರ್ ಬರುತ್ತದೆ. ಅದನ್ನು ತಪ್ಪಿಸಲೆಂದು ಮುಂದೆ (ಇಂಟ್) ಎಂದು ಒತ್ತಾಯದ ಪರಿವರ್ತನೆ ಹಾಕಿದಿರೋ, ಎರರ್ ಹೋಗುತ್ತದೆ, ಬೆಲೆ ಸೊನ್ನೆಯಾಗುತ್ತದೆ. ಪೈಥಾನ್ ಇದೇ ೧೦ ಅನ್ನು ಹತ್ತು ಎಂದು ಸರಿಯಾಗಿ ಓದುತ್ತದೆ, ಅಲ್ಲಿಂದ ಬಂದವರು ಅದೇ ನಂಬಿಕೆಯಲ್ಲಿ ಇಲ್ಲಿ ಬೀಳುತ್ತಾರೆ. ಕನ್ನಡ ಅಂಕಿಗಳನ್ನು ಮೊದಲು ಬದಲಾಯಿಸಿಕೊಂಡು ಆಮೇಲೆ ಪ್ರಾಪರ್ಟಿಗೆ ಹಾಕಿ.

ಸದಸ್ಯ ಸಂಖ್ಯೆಗೆ ಸ್ಟ್ರಿಂಗ್ ಯಾಕೆ ಎಂದು ಕೇಳಬಹುದು. ಸಂಘದ ಪುಸ್ತಕದಲ್ಲಿ 0042 ಎಂದಿರುತ್ತದೆ. ಇಂಟ್ ಮಾಡಿದರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. ಅದಕ್ಕಿಂತ ಕೆಟ್ಟದ್ದು, ಕೋಡ್‌ನಲ್ಲಿ ಉದ್ಧರಣ ಚಿಹ್ನೆ ಇಲ್ಲದೆ 0042 ಎಂದು ಬರೆದರೆ ಪಿಎಚ್‌ಪಿ ಅದನ್ನು ಎಂಟರ ಆಧಾರದ ಸಂಖ್ಯೆ ಎಂದು ಓದಿ 34 ಮಾಡುತ್ತದೆ. ಒಬ್ಬರ ಹಾಲು ಇನ್ನೊಬ್ಬರ ಖಾತೆಗೆ ಜಮಾ! ಕೂಡಿಸಿ ಕಳೆಯದ ಸಂಖ್ಯೆ ಏನಿದ್ದರೂ, ಫೋನ್ ನಂಬರ್, ಬ್ಯಾಂಕ್ ಖಾತೆ, ಪಿನ್‌ಕೋಡ್, ಎಲ್ಲ ಸ್ಟ್ರಿಂಗ್ ಆಗಿರಲಿ.

ದುಡ್ಡನ್ನು ಪೈಸೆಯ ಇಂಟ್ ಆಗಿ ಇಡಿ. ಫ್ಲೋಟ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಲೀಟರಿಗೆ 3450 ಪೈಸೆ, 6.5 ಲೀಟರ್ ಎಂದರೆ ಗುಣಲಬ್ಧ 22425 ಪೈಸೆ, ಅಂದರೆ 224 ರೂಪಾಯಿ 25 ಪೈಸೆ. ಗುಣಿಸಿದ ಉತ್ತರ ಫ್ಲೋಟ್ ಆಗಿರುವುದರಿಂದ ರೌಂಡ್ ಮಾಡಿ ಇಂಟ್‌ಗೆ ತಿರುಗಿಸಿಕೊಳ್ಳಿ. ಹಾಗೇ ಇಂಟ್ ಪ್ರಾಪರ್ಟಿಗೆ ದಶಮಾಂಶ ತುರುಕಿದರೆ ಭಿನ್ನಭಾಗ ಕತ್ತರಿಸಿಹೋಗುತ್ತದೆ. 8.1ರಿಂದ ಇದಕ್ಕೊಂದು ಡಿಪ್ರಿಕೇಟೆಡ್ ಎಚ್ಚರಿಕೆ ಬರುತ್ತದೆ, ನೀವು ಹಂತ 1 ಮಾಡಿದ್ದರೆ.

ಈ ಪರಿವರ್ತನೆಯೇ ಬೇಡ ಎಂದಾದರೆ ಫೈಲಿನ ಮೊಟ್ಟಮೊದಲ ಸಾಲಾಗಿ ಸ್ಟ್ರಿಕ್ಟ್ ಟೈಪ್ಸ್ ಘೋಷಣೆ ಹಾಕಬಹುದು. ಆಗ "6.5" ಕೂಡ ಟೈಪ್ ಎರರ್. ಆದರೆ ಇದು ಅನ್ವಯವಾಗುವುದು ಆ ಫೈಲಿಗೆ ಮಾತ್ರ. ಕ್ಲಾಸಿನ ಫೈಲಿನಲ್ಲಿ ಹಾಕಿ, ಬೇರೆ ಫೈಲಿನಿಂದ ಪಬ್ಲಿಕ್ ಪ್ರಾಪರ್ಟಿಗೆ ಬೆಲೆ ಕೊಟ್ಟರೆ ಅಲ್ಲಿ ಹಳೆಯ ಸಡಿಲವೇ ನಡೆಯುತ್ತದೆ.

## ಹಂತ 5: ಆರಂಭದ ಮೌಲ್ಯ

ಟೈಪ್ ಇಲ್ಲದ ಪ್ರಾಪರ್ಟಿಗೆ ಬೆಲೆ ಕೊಡದಿದ್ದರೆ ನಲ್ (ಬೆಲೆ ಏನೂ ಇಲ್ಲ ಎಂಬ ಗುರುತು) ಇರುತ್ತದೆ. ಟೈಪ್ ಇರುವುದಕ್ಕೆ ಕೊಡದಿದ್ದರೆ ನಲ್ ಕೂಡ ಇರುವುದಿಲ್ಲ, 'ಇನ್ನೂ ಹುಟ್ಟಿಲ್ಲ' ಎಂಬ ಸ್ಥಿತಿ. ಓದಲು ಹೋದರೆ 'ಮಸ್ಟ್ ನಾಟ್ ಬಿ ಆ್ಯಕ್ಸೆಸ್ಡ್ ಬಿಫೋರ್ ಇನಿಶಿಯಲೈಸೇಶನ್' ಎಂದು ಪ್ರೋಗ್ರಾಂ ನಿಲ್ಲುತ್ತದೆ. ಟೈಪಿನ ಹಿಂದೆ ಪ್ರಶ್ನಾರ್ಥಕ ಹಾಕಿ ?ಸ್ಟ್ರಿಂಗ್ ಎಂದರೆ ತಾನಾಗಿ ನಲ್ ಆಗುತ್ತದೆ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಆಗುವುದಿಲ್ಲ. ನಲ್ ಬೇಕಿದ್ದರೆ = ನಲ್ ಎಂದು ಬರೆಯಲೇಬೇಕು.

ಹಾಗಂತ ಎಲ್ಲದಕ್ಕೂ ಸುಳ್ಳು ಆರಂಭ ಕೊಡಬೇಡಿ. $ಸದಸ್ಯ ಖಾಲಿ ಇದ್ದರೆ ಆ ಜಮಾಕ್ಕೆ ಅರ್ಥವೇ ಇಲ್ಲ. ಅದಕ್ಕೇ ಮೇಲಿನ ಕ್ಲಾಸ್‌ನಲ್ಲಿ ಅದಕ್ಕೆ ಬೆಲೆ ಕೊಟ್ಟಿಲ್ಲ. ಯಾರಾದರೂ ತುಂಬಲು ಮರೆತರೆ ಪ್ರೋಗ್ರಾಂ ಗಟ್ಟಿಯಾಗಿ ಕೂಗಲಿ.

ಸಮಚಿಹ್ನೆಯ ಬಲಗಡೆ ಫಂಕ್ಷನ್ ಕರೆಯುವಂತಿಲ್ಲ. $ಸಮಯ = ಟೈಮ್() ಎಂದು ಡಿಕ್ಲೇರ್ ಸಾಲಿನಲ್ಲೇ ಬರೆದರೆ 'ಕಾನ್ಸ್ಟೆಂಟ್ ಎಕ್ಸ್‌ಪ್ರೆಶನ್ ಕಂಟೇನ್ಸ್ ಇನ್‌ವ್ಯಾಲಿಡ್ ಆಪರೇಶನ್ಸ್' ಎಂಬ ಫೇಟಲ್ ಎರರ್ ಬರುತ್ತದೆ. ಸಂಖ್ಯೆ, ಸ್ಟ್ರಿಂಗ್, ಅರೇ, ಕಾನ್ಸ್ಟ್‌ಗಳು ನಡೆಯುತ್ತವೆ. ಓಡುವಾಗಲೇ ಗೊತ್ತಾಗುವ ಬೆಲೆ ಮುಂದಿನ ಹಂತಕ್ಕೆ.

## ಹಂತ 6: ಕನ್‌ಸ್ಟ್ರಕ್ಟರ್‌ನಲ್ಲಿ ತುಂಬಿ

ಕನ್‌ಸ್ಟ್ರಕ್ಟರ್ ಎಂದರೆ ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ಮೆಥಡ್. ಅದರ ಕನ್‌ಸ್ಟ್ರಕ್ಟ್ ಎಂಬ ಹೆಸರಿನ ಹಿಂದೆ ಎರಡು ಅಂಡರ್‌ಸ್ಕೋರ್ ಇರಬೇಕು. ಒಂದೇ ಹಾಕಿದರೆ ಅದು ಸಾಮಾನ್ಯ ಮೆಥಡ್ ಆಗಿ ಉಳಿಯುತ್ತದೆ, ತಾನಾಗಿ ಯಾರೂ ಕರೆಯುವುದಿಲ್ಲ. ಎರರ್ ಮಾತ್ರ ಬೇರೆಲ್ಲೋ, ಪ್ರಾಪರ್ಟಿ ಓದುವ ಕಡೆ ಸಿಗುತ್ತದೆ.

ಎರಡನೆಯ ತಪ್ಪು, ಒಳಗೆ $ಲೀಟರ್ = $ಲೀಟರ್; ಎಂದು ಬರೆಯುವುದು. ಬಂದ ಬೆಲೆಯನ್ನು ಅದಕ್ಕೇ ವಾಪಸ್ ಕೊಟ್ಟಂತಾಯಿತು. ಪ್ರಾಪರ್ಟಿಗೆ ಏನೂ ತಲುಪಲಿಲ್ಲ. $ದಿಸ್->ಲೀಟರ್ = $ಲೀಟರ್; ಎಂದಿರಬೇಕು, $ದಿಸ್ ಎಂದರೆ ಈಗ ಕೈಯಲ್ಲಿರುವ ಆಬ್ಜೆಕ್ಟ್. ಜಾವಾದಿಂದ ಬಂದವರಿಗೆ ದಿಸ್ ಬಿಟ್ಟು ಬರೆಯುವ ರೂಢಿ. ಪಿಎಚ್‌ಪಿಯಲ್ಲಿ ಮೆಥಡ್ ಒಳಗಿನ ಬರೀ ಡಾಲರ್ ಹೆಸರು ಯಾವತ್ತೂ ಲೋಕಲ್.

8.0ರಿಂದ ಕನ್‌ಸ್ಟ್ರಕ್ಟರ್‌ನ ಆವರಣದೊಳಗೇ ಪ್ರೈವೇಟ್ ಸ್ಟ್ರಿಂಗ್ $ಸದಸ್ಯ ಎಂದು ಬರೆದರೆ ಡಿಕ್ಲೇರ್ ಮಾಡುವುದೂ ತುಂಬುವುದೂ ಒಟ್ಟಿಗೇ ಮುಗಿಯುತ್ತದೆ. ಹಾಗೆ ಮಾಡಿದರೆ ಮೇಲೆ ಇನ್ನೊಮ್ಮೆ ಡಿಕ್ಲೇರ್ ಮಾಡಬಾರದು, 'ಕೆನಾಟ್ ರಿಡಿಕ್ಲೇರ್' ಎನ್ನುತ್ತದೆ. ಒಮ್ಮೆ ತುಂಬಿದ ಮೇಲೆ ಬದಲಾಗಬಾರದ್ದಕ್ಕೆ 8.1ರಿಂದ ರೀಡ್‌ಓನ್ಲಿ ಇದೆ. ಅದಕ್ಕೆ ಟೈಪ್ ಕಡ್ಡಾಯ, ಡಿಕ್ಲೇರ್ ಸಾಲಿನಲ್ಲಿ ಆರಂಭದ ಮೌಲ್ಯ ಕೊಡುವಂತಿಲ್ಲ.

## ಹಂತ 7: ಬಳಸುವಾಗ ಡಾಲರ್ ಎಲ್ಲಿ, ಎಲ್ಲಿ ಬೇಡ

ಸಾಮಾನ್ಯ ಪ್ರಾಪರ್ಟಿಗೆ $ದಿಸ್->ಲೀಟರ್. ಬಾಣದ ಮುಂದೆ ಡಾಲರ್ ಇಲ್ಲ. ಅಲ್ಲೂ ಹಾಕಿ $ದಿಸ್->$ಲೀಟರ್ ಎಂದರೆ, '$ಲೀಟರ್ ಎಂಬ ಲೋಕಲ್ ವೇರಿಯಬಲ್ಲಿನಲ್ಲಿ ಏನಿದೆಯೋ ಆ ಹೆಸರಿನ ಪ್ರಾಪರ್ಟಿ ಕೊಡು' ಎಂದು ಅರ್ಥ.

ಸ್ಟಾಟಿಕ್‌ಗೆ ತದ್ವಿರುದ್ಧ: ಸೆಲ್ಫ್::$ಎಣಿಕೆ. ಇಲ್ಲಿ ಡಾಲರ್ ಬಿಟ್ಟರೆ ಪಿಎಚ್‌ಪಿ ಕಾನ್ಸ್ಟ್ ಹುಡುಕುತ್ತದೆ, 'ಅನ್‌ಡಿಫೈನ್ಡ್ ಕಾನ್ಸ್ಟೆಂಟ್' ಎನ್ನುತ್ತದೆ. $ದಿಸ್->ಎಣಿಕೆ ಎಂದು ಸ್ಟಾಟಿಕ್ಕನ್ನು ಮುಟ್ಟಲು ಹೋದರೆ ಒಂದು ನೋಟಿಸ್ ಕೊಟ್ಟು ಮುಂದೆ ಹೋಗುತ್ತದೆ. ನಿಜವಾದ ಎಣಿಕೆ ಅಲ್ಲೇ ಇರುತ್ತದೆ, ಒಂದೂ ಹೆಚ್ಚುವುದಿಲ್ಲ.

ಸ್ಟಾಟಿಕ್ ಬಗ್ಗೆ ಇನ್ನೆರಡು ಮಾತು. ಪುಟ ಲೋಡ್ ಆದಾಗಲೆಲ್ಲ ಪಿಎಚ್‌ಪಿ ಹೊಸದಾಗಿ ಶುರುವಾಗುತ್ತದೆ, ಸ್ಟಾಟಿಕ್ ಮತ್ತೆ ಸೊನ್ನೆಯಿಂದಲೇ. ಬೆಳಗಿನ ಎಣಿಕೆ ಸಂಜೆಗೂ ಬೇಕಿದ್ದರೆ ಡೇಟಾಬೇಸ್‌ಗೆ ಬರೆಯಿರಿ. ಇನ್ನೊಂದು, ಹಾಲುಜಮಾದಿಂದ ಎಮ್ಮೆಹಾಲುಜಮಾ ಎಂಬ ಮರಿ ಕ್ಲಾಸ್ ಮಾಡಿದರೆ ಎಣಿಕೆ ಇಬ್ಬರಿಗೂ ಒಂದೇ. ಪ್ರತ್ಯೇಕ ಬೇಕಿದ್ದರೆ ಮರಿಯಲ್ಲಿ ಅದನ್ನು ಮತ್ತೆ ಡಿಕ್ಲೇರ್ ಮಾಡಬೇಕು.

## ಹಂತ 8: ತಾನಾಗಿ ಹುಟ್ಟುವ ಪ್ರಾಪರ್ಟಿಗಳನ್ನು ಹಿಡಿಯಿರಿ

ಮೊದಲು ಹೇಳಿದ ಸೊನ್ನೆಯ ಕಥೆ ಇಲ್ಲಿದೆ. ವರ್ಷಗಳ ಹಿಂದೆ ಒಂದು ಸಂಘಕ್ಕೆ ನಾನೇ ಬರೆದುಕೊಟ್ಟ ಪ್ರೋಗ್ರಾಂ. ಮೊದಲ ದಿನ ಬೆಳಿಗ್ಗೆ ಆರೂವರೆಗೆ ಫೋನ್, ಎಲ್ಲರ ಚೀಟಿಯಲ್ಲೂ ಮೊತ್ತ 0.00. ಹೋಗಿ ನೋಡಿದರೆ ಕ್ಯಾನ್ ಹಿಡಿದವರ ಸಾಲು ರಸ್ತೆಯವರೆಗೂ ಬಂದಿದೆ, ಕಾರ್ಯದರ್ಶಿ ಪೆನ್ನಿನಲ್ಲಿ ಚೀಟಿ ಬರೆಯುತ್ತಿದ್ದಾರೆ. ಡಿಕ್ಲೇರ್ ಮಾಡಿದ್ದು $ಲೀಟರ್. ಬೆಲೆ ತುಂಬುವ ಸಾಲಿನಲ್ಲಿ ಬರೆದದ್ದು $ದಿಸ್->ಲೀಟರ. ಕೊನೆಯ ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ ಬಿಟ್ಟುಹೋಗಿತ್ತು. ಪಿಎಚ್‌ಪಿ ತಕರಾರಿಲ್ಲದೆ ಲೀಟರ ಎಂಬ ಹೊಸ ಪ್ರಾಪರ್ಟಿ ಹುಟ್ಟಿಸಿ ಅದರಲ್ಲಿ 6.5 ಇಟ್ಟುಕೊಂಡಿತ್ತು. ಲೆಕ್ಕ ಹಾಕುವ ಮೆಥಡ್ ಹಳೆಯ ಲೀಟರ್ ಓದಿ ಸೊನ್ನೆಯಿಂದ ಗುಣಿಸುತ್ತಿತ್ತು.

8.2ರಿಂದ ಹೀಗಾದರೆ 'ಕ್ರಿಯೇಶನ್ ಆಫ್ ಡೈನಾಮಿಕ್ ಪ್ರಾಪರ್ಟಿ ಈಸ್ ಡಿಪ್ರಿಕೇಟೆಡ್' ಎಂಬ ಎಚ್ಚರಿಕೆ ಬರುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಸೊನ್ನೆಯೂ ಹೋಗುವುದಿಲ್ಲ. 9ನೇ ಆವೃತ್ತಿಯಲ್ಲಿ ಇದನ್ನು ಎರರ್ ಮಾಡಲು ತೀರ್ಮಾನವಾಗಿದೆ. ಎಚ್ಚರಿಕೆ ಬಾಯಿ ಮುಚ್ಚಿಸಲು 'ಅಲೋ ಡೈನಾಮಿಕ್ ಪ್ರಾಪರ್ಟೀಸ್' ಎಂಬ ಗುರುತನ್ನು ಕ್ಲಾಸ್ ತಲೆಯ ಮೇಲೆ ಹಾಕಿ ಎಂಬ ಸಲಹೆ ನಿಮಗೂ ಸಿಗಬಹುದು. ಹಳೆಯ ದೊಡ್ಡ ಕೋಡನ್ನು ತಾತ್ಕಾಲಿಕವಾಗಿ ಓಡಿಸಲು ಅದು ಇರುವುದು. ಹೊಸ ಕ್ಲಾಸಿಗೆ ಹಾಕಿದರೆ ನನ್ನ ಬೆಳಗಿನ ಆರೂವರೆ ನಿಮಗೂ ಬರುತ್ತದೆ.

ಕನ್ನಡದಲ್ಲೇ ಹೆಸರಿಡಬಹುದೇ? ಇಡಬಹುದು, ಪಿಎಚ್‌ಪಿ ಒಪ್ಪುತ್ತದೆ. ಆದರೆ ಅದು ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ಯುನಿಕೋಡ್‌ನಲ್ಲಿ 'ಕೊ' ಎಂಬುದರ ಒ-ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ ಊ-ಕಾರ ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಪಿಎಚ್‌ಪಿಗೆ ಎರಡು ಬೇರೆ ಪ್ರಾಪರ್ಟಿ. ಒತ್ತಕ್ಷರ ಬಿಡಿಸಲು ನಾವು ಹಾಕುವ ಕಾಣದ ಝಡ್‌ಡಬ್ಲ್ಯುಎನ್‌ಜೆ ಕೂಡ ಹೆಸರಿನೊಳಗೆ ಸೇರಿಕೊಳ್ಳುತ್ತದೆ. ಕಣ್ಣಿಟ್ಟು ಎಷ್ಟು ನೋಡಿದರೂ ತಪ್ಪು ಕಾಣದು. ಈ ಲೇಖನದಲ್ಲಿ ತಿಳಿಯಲೆಂದು ಕನ್ನಡ ಹೆಸರು ಬಳಸಿದ್ದೇನೆ. ನಾಲ್ಕು ಜನ ಮುಟ್ಟುವ ಕೋಡ್‌ನಲ್ಲಿ ನಾನು ಈಗ ಇಂಗ್ಲಿಷ್ ಅಕ್ಷರದ ಹೆಸರನ್ನೇ ಇಡುತ್ತೇನೆ. ಅಲ್ಲೂ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ. ಕ್ಲಾಸ್ ಮತ್ತು ಫಂಕ್ಷನ್ ಹೆಸರಿಗೆ ಈ ಭೇದ ಇಲ್ಲದ್ದರಿಂದ ಪ್ರಾಪರ್ಟಿಗೂ ಇಲ್ಲ ಎಂದುಕೊಳ್ಳುವವರು ಬಹಳ.

## ಹಂತ 9: ಪರೀಕ್ಷೆ

ಮೊದಲು ಪಿಎಚ್‌ಪಿ ಮೈನಸ್ ಎಲ್ ಆದೇಶದ ಮುಂದೆ ಫೈಲ್ ಹೆಸರು ಕೊಟ್ಟು ಓಡಿಸಿ. ಹಂತ 3 ಮತ್ತು 5ರ ಬರಹದ ತಪ್ಪುಗಳೆಲ್ಲ ಇಲ್ಲೇ ಸಿಗುತ್ತವೆ. ಹೆಸರಿನ ಕಾಗುಣಿತ ತಪ್ಪು ಇದಕ್ಕೆ ಕಾಣುವುದಿಲ್ಲ. ಅದಕ್ಕೆ ಪಿಎಚ್‌ಪಿಸ್ಟ್ಯಾನ್ ಓಡಿಸಬೇಕು. 0ನೇ ಮಟ್ಟದಿಂದ ಶುರುಮಾಡಿ ಒಂದೊಂದೇ ಏರಿಸಿ, ಮೊದಲ ದಿನವೇ ಮೇಲಿನ ಮಟ್ಟಕ್ಕೆ ಹೋದರೆ ಬರುವ ಎರರ್ ರಾಶಿ ನೋಡಿ ಮುಚ್ಚಿಟ್ಟುಬಿಡುತ್ತೀರಿ.

ನಂತರ ಒಂದು ಆಬ್ಜೆಕ್ಟ್ ಮಾಡಿ ವರ್-ಡಂಪ್‌ಗೆ ಕೊಡಿ. ಎಕೋ ಸಾಲದು, ಅದು ಟೈಪ್ ತೋರಿಸುವುದಿಲ್ಲ. ವರ್-ಡಂಪ್‌ನಲ್ಲಿ ಪ್ರಾಪರ್ಟಿಗಳ ಸಂಖ್ಯೆ ನೀವು ಡಿಕ್ಲೇರ್ ಮಾಡಿದ್ದಕ್ಕಿಂತ ಹೆಚ್ಚಿದ್ದರೆ ಯಾವುದೋ ಒಂದು ತಾನಾಗಿ ಹುಟ್ಟಿದೆ. ಸ್ಟಾಟಿಕ್‌ಗಳು ಈ ಪಟ್ಟಿಯಲ್ಲಿ ಬರುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ.

ಕೊನೆಗೆ ಬೇಕೆಂದೇ ಒಂದು ತಪ್ಪು ಮಾಡಿ. ಕನ್‌ಸ್ಟ್ರಕ್ಟರ್ ಒಳಗೆ $ದಿಸ್->ಲೀಟರ = 1; ಎಂದು ಬರೆದು ಪುಟ ತೆರೆಯಿರಿ. ಡಿಪ್ರಿಕೇಟೆಡ್ ಎಚ್ಚರಿಕೆ ಕಂಡರೆ ಆ ಸಾಲು ಅಳಿಸಿ ಕೆಲಸ ಮುಂದುವರಿಸಿ. ಪರದೆ ಸುಮ್ಮನಿದ್ದರೆ ಹಂತ 1 ಇನ್ನೂ ಆಗಿಲ್ಲ.